ರೆಕ್ಕೆಯೊಳಗಿನ ತಂತಿ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿಬಂದ ತಾಯಂದಿರು ನಿಮ್ಮ ಬೀದಿಯಲ್ಲೂ ಇಬ್ಬರೋ ಮೂವರೋ ಇದ್ದಾರು. ಬಂದವರು ಏನೇನು ಹೇಳುತ್ತಾರೆಂಬುದೂ ನಿಮಗೆ ಗೊತ್ತು. ಪಾತ್ರೆ ತೊಳೆಯುವ ಯಂತ್ರ, ನಯಾಗರ ಜಲಪಾತ, ಮೊಮ್ಮಗುವಿನ ಇಂಗ್ಲಿಷು! ನಾನೂ ಹೋಗಿಬಂದೆ. 2022ರ ಅಕ್ಟೋಬರಿನಲ್ಲಿ ಹೋಗಿ 2023ರ ಮಾರ್ಚಿನಲ್ಲಿ ಬಂದೆ. ಬಾಣಂತನಕ್ಕಲ್ಲ, ನಯಾಗರವನ್ನು ನೋಡಲೂ ಇಲ್ಲ. ಆ ಐದು ತಿಂಗಳಲ್ಲಿ ಹೆಚ್ಚಿನ ಹೊತ್ತು ನಾನು ಮಗಳ ಕಾರ್ ಷೆಡ್ಡಿನಲ್ಲಿ, ವಿಮಾನದ ರೆಕ್ಕೆಯೊಂದರ ಪಕ್ಕ ಸ್ಟೂಲು ಹಾಕಿಕೊಂಡು ಕುಳಿತು, ಅದರೊಳಗೆ ವಿದ್ಯುತ್ ತಂತಿ ಎಳೆಯುತ್ತಿದ್ದೆ.

ನಗಬೇಡಿ. ಮೊದಲು ನಾನೂ ನಕ್ಕವಳೇ. “ಗ್ಯಾರೇಜಿನಲ್ಲಿ ಒಂದು ವಿಮಾನ ಮಾಡ್ತಾ ಇದ್ದೀನಮ್ಮ” ಎಂದು ಮಗಳು ಫೋನಿನಲ್ಲಿ ಹೇಳಿದಾಗ, ನವರಾತ್ರಿ ಗೊಂಬೆಗಳ ಸಾಲಿನಲ್ಲಿ ಇಡುವಂಥ ಮರದ ವಿಮಾನ ಇರಬೇಕೆಂದುಕೊಂಡೆ. ಹೋಗಿ ನೋಡಿದರೆ ಇಬ್ಬರು ಕುಳಿತು ಹಾರುವ, ಪೆಟ್ರೋಲು ಕುಡಿಯುವ ನಿಜವಾದ ವಿಮಾನ! ಷೆಡ್ಡಿನ ತುಂಬ ಅಲ್ಯೂಮಿನಿಯಂ. ಅಳಿಯನ ಕಾರು ಪಾಪ, ಆರೆಗನ್ ರಾಜ್ಯದ ಚಳಿಗಾಲದ ಮಳೆಯಲ್ಲಿ ಹೊರಗೆ ನೆನೆಯುತ್ತ ನಿಂತಿತ್ತು.

ಆ ದೇಶದಲ್ಲಿ ಇದು ಹುಚ್ಚರ ಕೆಲಸವಲ್ಲ, ಕಾನೂನು ಒಪ್ಪಿದ ಹವ್ಯಾಸ. 1953ರಲ್ಲಿ ಪಾಲ್ ಪೊಬೆರೆಜ್ನಿ ಎಂಬುವರು ಮಿಲ್ವಾಕಿ ಎಂಬ ಊರಿನಲ್ಲಿ ಇಂಥ ಹವ್ಯಾಸಿಗಳ ಸಂಘವೊಂದನ್ನು ಕಟ್ಟಿದರು. ಆಷ್‌ಕಾಷ್ ಎಂಬಲ್ಲಿ ಬೇಸಿಗೆಯಲ್ಲಿ ಅದರ ದೊಡ್ಡ ಜಾತ್ರೆಯೇ ಸೇರುತ್ತದೆ. ಮನೆಯಲ್ಲಿ ಕಟ್ಟಿದ ವಿಮಾನಗಳನ್ನು ಹಾರಿಸಿಕೊಂಡೇ ಜನ ಬರುತ್ತಾರೆ. ಬಿಡಿಭಾಗಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಕಳಿಸುವ ಕಂಪನಿಗಳಿವೆ. ಆರೆಗನ್ನಿನಲ್ಲೇ ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ ಎಂಬ ಇಂಜಿನಿಯರು 1973ರಲ್ಲಿ ಆರಂಭಿಸಿದ ಕಂಪನಿಯೊಂದಿದೆ. ಅದರ ಪೆಟ್ಟಿಗೆಗಳಿಂದಲೇ ಹತ್ತು ಸಾವಿರಕ್ಕೂ ಹೆಚ್ಚು ವಿಮಾನಗಳು ಎದ್ದು ಹಾರಿವೆಯಂತೆ. ಸರಕಾರದ ಮುಖ್ಯ ಷರತ್ತೆಂದರೆ, ಕೆಲಸದ ಅರ್ಧಕ್ಕಿಂತ ಹೆಚ್ಚು ಪಾಲನ್ನು ಕಲಿಯುವುದಕ್ಕಾಗಿಯೋ ಖುಷಿಗಾಗಿಯೋ ಮಾಡುವ ಹವ್ಯಾಸಿಗಳೇ ಮಾಡಿರಬೇಕು. ದುಡ್ಡು ಕೊಟ್ಟು ಮಾಡಿಸಿದ್ದು ಅವರ ಲೆಕ್ಕಕ್ಕೆ ಬಾರದು. ಅದಕ್ಕೇ ದಿನದಿನದ ಕೆಲಸವನ್ನು ಪುಸ್ತಕದಲ್ಲಿ ಬರೆದು, ಫೋಟೋ ತೆಗೆದು ಇಡಬೇಕು. ಎಲ್ಲ ಮುಗಿದ ಮೇಲೆ ಅಧಿಕೃತ ಪರೀಕ್ಷಕರು ಬಂದು ನೋಡಿ ಪತ್ರ ಕೊಡುತ್ತಾರೆ. ಆಮೇಲೂ ಮೊದಲ 25 ಗಂಟೆಯೋ 40 ಗಂಟೆಯೋ ಸುಮ್ಮನೆ ಜೊತೆಗೆ ಬರುವವರನ್ನು ಕೂರಿಸುವಂತಿಲ್ಲ. ಕಟ್ಟಿದವರೇ ಮೊದಲು ಹಾರಿ ನೋಡಲಿ ಅಂತ!

ನಮ್ಮ ದೇಶದಲ್ಲಿ ಯಾರೂ ಮಾಡಿಲ್ಲವೆಂದಲ್ಲ. ಮುಂಬಯಿಯ ಅಮೋಲ್ ಯಾದವ್ ಎಂಬ ಪೈಲಟ್ ಮನೆಯ ತಾರಸಿಯ ಮೇಲೆ ವಿಮಾನ ಕಟ್ಟಿ, ಅದಕ್ಕೆ ಹಾರುವ ಅನುಮತಿ ಸಿಗಲು ವರ್ಷಗಟ್ಟಲೆ ಅಲೆದು, 2019ರಲ್ಲಿ ಪಡೆದರು. ಇದನ್ನು ಮಗಳು ಹೇಳಿದಾಗ ನಮ್ಮವರು ತಿಪಟೂರಿನಿಂದ ಫೋನಿನಲ್ಲೇ, “ಹಾಗಾದರೆ ನಮ್ಮ ತಾರಸಿ ಖಾಲಿ ಇದೆ, ಕೊಬ್ಬರಿ ಒಣಗಿಸೋದು ಬಿಟ್ಟು ನಾನೂ ಶುರು ಮಾಡ್ತೀನಿ” ಎಂದರು. ಅವರಿಗೇನು, ತಮಾಷೆ! ರಾತ್ರಿ ನಿದ್ದೆ ಬಾರದವಳು ನಾನು.

ನಿಮ್ಮೆದುರು ಮುಚ್ಚಿಡುವುದೇಕೆ? ನಾನು ಹೋದದ್ದೇ ಅದನ್ನು ಹೇಗಾದರೂ ಬಿಡಿಸಬೇಕೆಂದು. ಮದುವೆಯಾಗಿ ಆರು ವರ್ಷ, ಮಗುವಿಲ್ಲ, ಕೈಯಲ್ಲಿ ಸುತ್ತಿಗೆ. ಆಕಾಶದಿಂದ ಬಿದ್ದರೆ ಹಿಡಿಯುವವರು ಯಾರು? ಮೊದಲ ಹದಿನೈದು ದಿನ ನಾನು ಷೆಡ್ಡಿನ ಕಡೆ ತಲೆ ಹಾಕಲಿಲ್ಲ. ಒಳಗೆ ಕುಳಿತು ಮುಖ ಊದಿಸಿಕೊಂಡು ಹುಳಿಪುಡಿ ಮಾಡಿದೆ, ಚಟ್ನಿಪುಡಿ ಮಾಡಿದೆ. ಅಳಿಯ ಮಾತ್ರ ಜಾಣ. ಅವನು ರೆಕ್ಕೆಯ ಹತ್ತಿರ ಹೋಗುವುದೂ ಇಲ್ಲ, ಬೇಡವೆನ್ನುವುದೂ ಇಲ್ಲ. “ಅವಳ ವಿಮಾನ ಅವಳಿಗೆ, ನನ್ನ ಸಾರು ನನಗೆ” ಎಂದು ಒಲೆ ಮುಂದೆ ನಿಲ್ಲುತ್ತಿದ್ದ. (ಸಾರು ಚೆನ್ನಾಗಿಯೇ ಮಾಡುತ್ತಾನೆ. ಹುಣಸೆಹುಳಿ ಒಂದು ಚೂರು ಮುಂದೆ.)

ಈ ಮಗಳು ಚಿಕ್ಕಂದಿನಿಂದಲೂ ಹಾಗೇ. ಹನ್ನೆರಡು ವರ್ಷದವಳಿದ್ದಾಗ ನಮ್ಮ ಮಿಕ್ಸಿಯನ್ನು ಬಿಚ್ಚಿದ್ದಳು. ಬಿಚ್ಚಿದವಳು ಒಳಗೊಂದು ತಂತಿಯ ಸಿಪ್ಪೆಯನ್ನು ಹರಿದು, ಅದಕ್ಕೆ ಏನೋ ಟೇಪು ಸುತ್ತಿ, ಮತ್ತೆ ಮುಚ್ಚಿ, ಗುಟ್ಟಾಗಿ ಜಾಗದಲ್ಲಿಟ್ಟುಬಿಟ್ಟಳು. ಮರುದಿನ ಒದ್ದೆ ಕೈಯಲ್ಲಿ ಚಟ್ನಿ ರುಬ್ಬಲು ಹೋದ ನನಗೆ ಝುಮ್ಮೆಂದು ಹೊಡೆಯಿತು. ಸೌಟು ತೆಗೆದುಕೊಂಡು ಎರಡು ಬಿಟ್ಟೆ. “ಕೆಡಿಸಿದ್ದಕ್ಕಲ್ಲ ಕಣೇ, ಮುಚ್ಚಿಟ್ಟೆಯಲ್ಲ, ಅದಕ್ಕೆ!” ಎಂದು ಕೂಗಾಡಿದ್ದೆ. ಅದರ ಜೊತೆಗೆ ಹೆಣ್ಣುಮಕ್ಕಳು ಕರೆಂಟಿನ ಸಾಮಾನು ಮುಟ್ಟಬಾರದೆಂಬ ಅಪ್ಪಣೆಯನ್ನೂ ಹೊರಡಿಸಿದ್ದೆ. ಎರಡನೆಯದನ್ನು ಅವಳು ಕೇಳಲಿಲ್ಲವೆಂಬುದು ನಿಮಗೆ ಈಗಾಗಲೇ ಗೊತ್ತಾಗಿದೆ.

ಒಂದು ಶನಿವಾರ ಅವಳೇ ಒಳಗೆ ಬಂದು, “ಅಮ್ಮಾ, ತಂತಿ ಎಳೆಯೋಕೆ ಇನ್ನೊಂದು ಜೊತೆ ಕೈ ಬೇಕು. ಬರ್ತೀಯಾ?” ಎಂದಳು. ನಾನು ಒಲ್ಲೆನೆಂದೆ. ಅವಳು ಬಲವಂತ ಮಾಡದೆ ಪಕ್ಕದಲ್ಲಿ ಕುಳಿತು ಒಂದು ಕಥೆ ಹೇಳಿದಳು. ರೈಟ್ ಸಹೋದರರ ತಾಯಿ ಸೂಸನ್ ರೈಟ್ ಬಂಡಿ ಮಾಡುವವರ ಮಗಳಂತೆ. ಆ ಮನೆಯಲ್ಲಿ ಉಪಕರಣ ಹಿಡಿದು ಮುರಿದದ್ದನ್ನು ಸರಿಮಾಡುತ್ತಿದ್ದವರು ತಂದೆಯಲ್ಲ, ಆಕೆ. ಮಕ್ಕಳಿಗೆ ಹಿಮದ ಮೇಲೆ ಜಾರುವ ಬಂಡಿಯನ್ನು ತಾನೇ ಮಾಡಿಕೊಟ್ಟಿದ್ದರಂತೆ. 1889ರಲ್ಲಿ ಕ್ಷಯದಿಂದ ತೀರಿಕೊಂಡರು. ಮಕ್ಕಳು 1903ರಲ್ಲಿ ಹಾರಿದ್ದನ್ನು ನೋಡಲು ಆಕೆ ಇರಲಿಲ್ಲ. ಆ ವಿಮಾನದ ರೆಕ್ಕೆಗೆ ಹೊದಿಸಿದ್ದು ಹೆಂಗಸರ ಒಳಉಡುಪಿಗೆ ಬಳಸುತ್ತಿದ್ದ ಮಸ್ಲಿನ್ ಬಟ್ಟೆ. ಅದನ್ನು ಮನೆಯ ಹೊಲಿಗೆ ಯಂತ್ರದಲ್ಲೇ ಹೊಲಿದರು.

ನನ್ನನ್ನು ಮೆತ್ತಗೆ ಮಾಡಲೆಂದೇ ಹೇಳಿದಳೆಂದು ಗೊತ್ತಿತ್ತು. ಆದರೂ ಎದ್ದು ಹೋದೆ.

ಬಾಗಿಲಲ್ಲೇ ತಪಾಸಣೆ. ಬಳೆ ತೆಗಿ, ಬಳೆಗೆ ಸಿಕ್ಕಿಸಿಕೊಂಡ ಪಿನ್ನು ತೆಗಿ. “ನಿನ್ನ ಪಿನ್ನು ರೆಕ್ಕೆಯೊಳಗೆ ಬಿದ್ದರೆ ಅದು ಸಿಗೋವರೆಗೂ ಕೆಲಸ ನಿಲ್ಲತ್ತೆ.” ಮೂರು ಪಿನ್ನುಗಳನ್ನು ಎಣಿಸಿ ಡಬ್ಬಿಗೆ ಹಾಕಿದಳು. ಎಲ್ಲಿ ಕಟ್ಟಬೇಕೆಂದು ಗುರುತು ಹಾಕೋಣವೆಂದು ನಾನು ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲು ತೆಗೆದರೆ, ಅದನ್ನೂ ಕಿತ್ತುಕೊಂಡಳು. ಪೆನ್ಸಿಲಿನ ಕಪ್ಪು ಅಲ್ಯೂಮಿನಿಯಂ ಮೇಲೆ ಉಳಿದರೆ, ತೇವ ತಾಗಿದಾಗ ಅಲ್ಲೇ ಲೋಹ ತಿನ್ನಲು ಶುರುವಾಗುತ್ತದಂತೆ. ಮಾರ್ಕರ್ ಪೆನ್ನಿನಲ್ಲೇ ಗುರುತು ಹಾಕಬೇಕು.

ರೆಕ್ಕೆ ಸುಮಾರು ಹನ್ನೆರಡು ಅಡಿ ಉದ್ದ. ಹೊರಗಿನಿಂದ ನೋಡಿದರೆ ಹಲಗೆ, ಒಳಗೆ ಮಾತ್ರ ಬರಿಯ ಪೊಳ್ಳು. ಉದ್ದಕ್ಕೆ ಒಂದು ಬಲವಾದ ತೊಲೆ, ಅಡ್ಡಡ್ಡಕ್ಕೆ ಹನ್ನೆರಡು ಹದಿನಾಲ್ಕು ಪಕ್ಕೆಲುಬು, ಮೇಲೂ ಕೆಳಗೂ ಒಂದು ಮಿಲಿಮೀಟರಿಗಿಂತ ತೆಳುವಾದ ತಗಡಿನ ಹೊದಿಕೆ. ಕೆಳಗಿನ ಹೊದಿಕೆಯನ್ನು ಕೊನೆಗೆ ಹಚ್ಚುತ್ತಾರೆ. ಅಷ್ಟರಲ್ಲಿ ಒಳಗಿನ ಕೆಲಸವೆಲ್ಲ ಮುಗಿದಿರಬೇಕು. ಹಚ್ಚಿ ರಿವೆಟ್ ಹೊಡೆದುಬಿಟ್ಟರೆ, ಆಮೇಲೆ ಸಣ್ಣ ಕಿಂಡಿಗಳಲ್ಲಿ ಕೈ ತೂರುವಷ್ಟೇ. ತೊಲೆಯ ಮುಂಭಾಗದಲ್ಲಿ, ಬುಡದ ಕಡೆಗೆ, ಪೆಟ್ರೋಲಿನ ತೊಟ್ಟಿ. ಒಂದೊಂದು ರೆಕ್ಕೆಗೆ ಸುಮಾರು 80 ಲೀಟರು! ತೊಲೆಯ ಹಿಂಭಾಗದಲ್ಲಿ ನಮ್ಮ ತಂತಿ. ನಡುವೆ ಒಂದೇ ಗೋಡೆ.

ರೆಕ್ಕೆಗೇಕೆ ತಂತಿ ಅಂತೀರಾ? ನಾನೂ ಕೇಳಿದೆ. ಎಡ ರೆಕ್ಕೆಯ ತುದಿಗೆ ಕೆಂಪು ದೀಪ, ಬಲಕ್ಕೆ ಹಸಿರು, ಬಾಲಕ್ಕೆ ಬಿಳಿ. ಇದು ಹಡಗುಗಳ ಕಾಲದಿಂದ ಬಂದ ಪದ್ಧತಿ. ಕತ್ತಲಲ್ಲಿ ಇನ್ನೊಂದು ವಿಮಾನದ ಮೈ ಕಾಣುವುದಿಲ್ಲ, ದೀಪಗಳಷ್ಟೇ. ನಿಮಗೆ ಕೆಂಪು ಬಲಗಡೆಗೂ ಹಸಿರು ಎಡಗಡೆಗೂ ಒಟ್ಟಿಗೆ ಕಂಡವೆನ್ನಿ, ಅದು ನಿಮ್ಮ ಕಡೆಗೇ ಬರುತ್ತಿದೆ ಎಂದರ್ಥ. ಬರಿಯ ಬಿಳಿ ಕಂಡರೆ ನಿಮಗೆ ಬೆನ್ನು ಹಾಕಿ ಹೋಗುತ್ತಿದೆ. ಎಷ್ಟು ಸರಳ ನೋಡಿ! ಇವಲ್ಲದೆ ಮಿಂಚುವ ದೀಪ, ಇಳಿಯುವಾಗಿನ ದೊಡ್ಡ ದೀಪ, ತೊಟ್ಟಿಯಲ್ಲಿ ಎಷ್ಟು ಪೆಟ್ರೋಲಿದೆಯೆಂದು ಹೇಳುವ ತಂತಿ. ರೆಕ್ಕೆಯ ಹಿಡಿತ ತಪ್ಪುವ ಮುನ್ನ ಕಿರುಚಿ ಎಚ್ಚರಿಸುವ ಪುಟ್ಟ ನಾಲಗೆಯೊಂದು ಎಡ ರೆಕ್ಕೆಯ ಅಂಚಿನಲ್ಲಿದೆ. ರೆಕ್ಕೆಯ ಕೆಳಗೆ ಒಂದು ಕೊಳವೆ ಮುಂದಕ್ಕೆ ಚಾಚಿರುತ್ತದೆ. ಎದುರು ಗಾಳಿಯ ಒತ್ತಡದಿಂದ ವೇಗ ಎಷ್ಟೆಂದು ತಿಳಿಯುವುದು ಅದರಿಂದ. ಮೇಲೆ ಹೋದಾಗ ಅದರ ಬಾಯಿಗೆ ಮಂಜುಗಡ್ಡೆ ಕಟ್ಟಿದರೆ ವೇಗದ ಲೆಕ್ಕ ತಪ್ಪುತ್ತದೆ. ಆದ್ದರಿಂದ ಅದನ್ನು ಬಿಸಿಯಾಗಿಡಲು ಒಂದು ಹೀಟರು. ಆ ಹೀಟರಿನ ತಂತಿ ಉಳಿದವಕ್ಕಿಂತ ದಪ್ಪ. ಮುಂದೆ ನಡೆದದ್ದೆಲ್ಲ ಆ ತಂತಿಯಿಂದಲೇ.

ಕರೆಂಟು ಹೊಡೆಯುವ ಭಯವಿಲ್ಲ. ನಮ್ಮ ಮನೆಗಳಲ್ಲಿರುವುದು 230 ವೋಲ್ಟು, ಇದು ಕಾರಿನ ಹಾಗೆ ಬರಿಯ 12. ತಂತಿಗೆ ನಂಬರುಗಳಿವೆ, 14, 18, 22 ಎಂದು. ನಂಬರು ಹೆಚ್ಚಾದಷ್ಟೂ ತಂತಿ ತೆಳು. ಇದೇನು ತಲೆಕೆಳಗು ಎಂದು ಮೊದಲು ಗೊಂದಲವಾಯಿತು. ಆಮೇಲೆ ಸೀರೆಯ ನೂಲು ನೆನಪಾಯಿತು. 60 ಕೌಂಟಿಗಿಂತ 80 ಕೌಂಟಿನ ನೂಲು ಸಣ್ಣ ಅಲ್ಲವೇ? ಅದೇ ಲೆಕ್ಕ. ಒಂದೊಂದು ತಂತಿಯೊಳಗೂ ತವರ ಲೇಪಿಸಿದ ತಾಮ್ರದ ಹತ್ತೊಂಬತ್ತು ಎಳೆ. ಒಂದೇ ಗಟ್ಟಿ ಎಳೆಯಾದರೆ ಇಂಜಿನ್ನಿನ ನಡುಕಕ್ಕೆ ಮುರಿದೀತು. ಮೇಲಿನ ಬಿಳಿ ಸಿಪ್ಪೆ ಟೆಫ್‌ಜೆಲ್ ಎಂಬುದು. ಸಾಮಾನ್ಯ ಪಿವಿಸಿ ತಂತಿ ಹೊತ್ತಿಕೊಂಡರೆ ವಿಷದ ಹೊಗೆ ಬರುತ್ತದೆ, ಮುಚ್ಚಿದ ಪುಟ್ಟ ವಿಮಾನದಲ್ಲಿ ಆ ಹೊಗೆಯೇ ಸಾಕು. ಇದು 150 ಡಿಗ್ರಿ ಬಿಸಿ ತಡೆಯುತ್ತದೆ. ಬೆಲೆ ಕೇಳಿ ನಾನು ಹೌಹಾರಿದಾಗ ಮಗಳು ಎರಡು ಸಂಗತಿ ಹೇಳಿದಳು. 1996ರ ಜುಲೈಯಲ್ಲಿ ನ್ಯೂಯಾರ್ಕಿನಿಂದ ಹೊರಟ ಟಿಡಬ್ಲ್ಯುಎ 800 ವಿಮಾನ ಸಮುದ್ರದ ಮೇಲೆ ಸಿಡಿದು 230 ಜನ ಸತ್ತರು. ತನಿಖೆ ನಾಲ್ಕು ವರ್ಷ ನಡೆಯಿತು. ಇಂಧನದ ತೊಟ್ಟಿಯಲ್ಲಿದ್ದ ಆವಿ ಸಿಡಿದದ್ದು. ತೊಟ್ಟಿಯ ಹೊರಗೆ ತಂತಿಗಳಲ್ಲಿ ಎಲ್ಲೋ ಆದ ಶಾರ್ಟ್ ಸರ್ಕ್ಯೂಟೇ ಬಹುಮಟ್ಟಿಗೆ ಕಾರಣವಿರಬೇಕು ಎಂದಿತು ವರದಿ. ಎರಡು ವರ್ಷದ ಮೇಲೆ, 1998ರಲ್ಲಿ, ಸ್ವಿಸ್‌ಏರ್ 111 ವಿಮಾನದಲ್ಲಿ ಬೆಂಕಿ ಹತ್ತಿ ಕೆನಡಾದ ತೀರದಲ್ಲಿ ಬಿತ್ತು. 229 ಜನ. ಅಲ್ಲಿಯೂ ತಂತಿಯ ಕಿಡಿಯ ಮೇಲೇ ಅನುಮಾನ.

ಅವಳು ಇದನ್ನೆಲ್ಲ ಬೆಲೆಯ ಸಮರ್ಥನೆಗೆಂದು ಹೇಳಿದಳು. ನನ್ನ ಮನಸ್ಸಿನಲ್ಲಿ ಅದು ಎಲ್ಲೋ ಹೋಗಿ ಕುಳಿತಿತು.

ಕೆಲಸ ಮಾತ್ರ, ಸುಳ್ಳೇಕೆ, ನನಗೆ ಹಿಡಿಸಿಬಿಟ್ಟಿತು. ಪ್ರತಿ ಪಕ್ಕೆಲುಬಿನಲ್ಲೂ ಒಂದು ದುಂಡು ತೂತು. ತಗಡಿನ ಅಂಚು ಬ್ಲೇಡಿನಂತಿರುವುದರಿಂದ ಆ ತೂತಿಗೊಂದು ಪ್ಲಾಸ್ಟಿಕ್ಕಿನ ಬುಷ್ ಒತ್ತಿ ಕೂರಿಸಬೇಕು. ನಾನು ಅದನ್ನು ಬಳೆ ಎಂದೇ ಕರೆದೆ. ಕೊನೆಕೊನೆಗೆ ಅವಳೂ “ಅಮ್ಮಾ, ಎರಡು ಬಳೆ ಕೊಡು” ಎನ್ನುತ್ತಿದ್ದಳು. ಮೊದಲು ಬಳೆಗಳ ಮೂಲಕ ಒಂದು ದಾರ ಬಿಡುವುದು, ದಾರದ ತುದಿಗೆ ತಂತಿ ಕಟ್ಟುವುದು, ಈ ಕಡೆ ಒಬ್ಬರು ತಳ್ಳುತ್ತ ಆ ಕಡೆ ಒಬ್ಬರು ಎಳೆಯುವುದು. ಲಂಗಕ್ಕೆ ಲಾಡಿ ಪೋಣಿಸಿದವರಿಗೆ ಇದನ್ನು ಕಲಿಸಿಕೊಡಬೇಕೇ? ತಂತಿಯ ಎರಡೂ ತುದಿಗೆ ಹೆಸರಿನ ಚೀಟಿ. ತುದಿಯ ಸಿಪ್ಪೆ ಬಿಡಿಸುವಾಗ ಒಂದು ಎಳೆ ಕಡಿದರೂ ಕತ್ತರಿಸಿ ಹೊಸದಾಗಿ ಬಿಡಿಸಬೇಕೆಂಬುದು ಅವಳ ಶಿಸ್ತು. ಬೆಸುಗೆ ಹಾಕುವುದಿಲ್ಲ, ಬೆಸುಗೆ ಹಾಕಿದ ಕಡೆ ತಂತಿ ಸೆಟೆದುಕೊಂಡು, ನಡುಕಕ್ಕೆ ಅದರ ಬುಡದಲ್ಲೇ ಮುರಿಯುತ್ತದೆ. ಬದಲಿಗೆ ಲೋಹದ ಟೋಪಿ ಹಾಕಿ ಇಕ್ಕಳದಿಂದ ಒತ್ತುವುದು. ಆ ಇಕ್ಕಳ ಬಲು ಹಟಮಾರಿ, ಪೂರ್ತಿ ಒತ್ತುವವರೆಗೆ ಕಚ್ಚಿದ್ದನ್ನು ಬಿಡದು. ಒತ್ತಿದ ಮೇಲೆ ಜಗ್ಗಿ ನೋಡಬೇಕು.

ಕೊನೆಗೆ ತಂತಿಗಳನ್ನೆಲ್ಲ ಕಟ್ಟಾಗಿ ಸೇರಿಸಿ ಮೇಣ ಹಚ್ಚಿದ ಚಪ್ಪಟೆ ದಾರದಿಂದ ನಾಲ್ಕು ಬೆರಳಿಗೊಂದು ಗಂಟು. ಪ್ಲಾಸ್ಟಿಕ್ ಪಟ್ಟಿಗಳು ಸಿಗುತ್ತವೆ, ಆದರೆ ಕತ್ತರಿಸಿದ ಅವುಗಳ ತುದಿ ಕೈ ಕೊಯ್ಯುತ್ತದೆ. ದಾರದ ಗಂಟು ಹಳೆಯ ಪದ್ಧತಿ. 2012ರಲ್ಲಿ ಮಂಗಳಗ್ರಹಕ್ಕೆ ಇಳಿದ ಕ್ಯೂರಿಯಾಸಿಟಿ ಬಂಡಿಯಲ್ಲೂ ತಂತಿಗಳನ್ನು ಹೀಗೇ ಕಟ್ಟಿದ್ದಾರೆಂದು ಚಿತ್ರ ತೋರಿಸಿದಳು. ಅವಳು ಪುಸ್ತಕ ನೋಡಿಕೊಂಡು ಗಂಟು ಕಲಿಸಲು ಹೊರಟಳು. ನಾನು ನೋಡಿದೆ. ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುವ ಗಂಟಿಗೆ ಇದು ಅಕ್ಕನೋ ತಂಗಿಯೋ ಆಗಬೇಕು! ಅವಳು ಎರಡು ಕಟ್ಟುವಷ್ಟರಲ್ಲಿ ನಾನು ಎಂಟು ಕಟ್ಟಿದೆ. ಅಳಿಯನನ್ನು ಒಲೆ ಬಿಡಿಸಿ ಕರೆದು ತೋರಿಸಿದಳು. ಫೋಟೋ ತೆಗೆದು ಪುಸ್ತಕಕ್ಕೆ ಅಂಟಿಸಿದಳು. ಕೈಯಷ್ಟೇ ಬಿದ್ದಿದೆ, ಮುಖವಿಲ್ಲ. ಆದರೂ ನನ್ನ ಕೈ ನನಗೆ ಗೊತ್ತಲ್ಲ.

ಜನವರಿಯ ಒಂದು ಮಧ್ಯಾಹ್ನ ಹೀಟರಿನ ತಂತಿ ಎಳೆಯುತ್ತಿದ್ದೆವು. ಅರ್ಧಕ್ಕೆ ಮಗಳಿಗೆ ಆಫೀಸಿನ ಫೋನು ಬಂತು. “ಬಂದೆ ಇರು, ಮುಟ್ಟಬೇಡ” ಎಂದು ಒಳಗೆ ಹೋದಳು. ನಾನು ಸುಮ್ಮನಿರಬೇಕಿತ್ತು. ಇನ್ನೇನು ಮೂರಡಿ ಉಳಿದಿದೆ, ಎಳೆದುಬಿಟ್ಟರೆ ಅವಳು ಬರುವುದರೊಳಗೆ ಮುಗಿದಿರುತ್ತದೆಂಬ ಉಮೇದು. ಎಳೆದೆ, ಏಳನೆಯ ಪಕ್ಕೆಲುಬಿನಲ್ಲಿ ಸಿಕ್ಕಿಕೊಂಡಿತು. ಲಾಡಿ ಸಿಕ್ಕಿಕೊಂಡಾಗ ಏನು ಮಾಡುತ್ತೀರಿ? ಒಂದು ಜಗ್ಗು. ಟಪ್ ಎಂದು ಬಳೆ ಎಗರಿ ಬಂತು, ತಂತಿ ಬರಿಯ ಅಂಚಿನ ಮೇಲೆ ಕರಕರ ಉಜ್ಜಿಕೊಂಡು ಸರಿಯಿತು.

ಕನ್ನಡಕ ಹಾಕಿಕೊಂಡು ನೋಡಿದೆ. ಬಿಳಿ ಸಿಪ್ಪೆಯ ಮೇಲೆ ಅಕ್ಕಿಕಾಳಿನಷ್ಟುದ್ದ ಗೀರು. ಗೀರಿನ ತಳದಲ್ಲಿ ಬೆಳ್ಳಿಯಂತೆ ಏನೋ ಮಿಂಚಿತು. ಎಳೆ ಕಾಣುತ್ತಿದೆಯೋ, ನನ್ನ ಕಣ್ಣಿನ ಭ್ರಮೆಯೋ? ಬಳೆಯನ್ನು ಒತ್ತಿ ಜಾಗಕ್ಕೆ ಕೂರಿಸಿದೆ. ತಂತಿಯನ್ನು ಒಂದಂಗುಲ ಹಿಂದೆ ಸರಿಸಿದಾಗ ಆ ಗೀರು ಸರಿಯಾಗಿ ಬಳೆಯೊಳಗೆ ಹೋಗಿ ಮರೆಯಾಯಿತು. ಬಳೆ ಪ್ಲಾಸ್ಟಿಕ್ಕೇ ತಾನೆ, ಒಳಗಿದ್ದರೆ ಏನಾದೀತು ಎಂದು ನನಗೆ ನಾನೇ ಹೇಳಿಕೊಂಡೆ. ಅವಳು ಬಂದು, “ಅಯ್ಯೋ, ಪೂರ್ತಿ ಎಳೆದುಬಿಟ್ಟೆಯಾ? ಭೇಷ್!” ಎಂದಳು. ಆ ಭೇಷ್ ಕೇಳಿದ ಮೇಲೆ ಹೇಳಲು ಬಾಯಿ ಬರಲಿಲ್ಲ.

ಮೂರು ದಿನ ಹೇಳಲಿಲ್ಲ. ಆ ಮೂರು ದಿನವೂ ಗಂಟು ಕಟ್ಟಿದೆ. ಮೀಟರು ಇಟ್ಟು ಪರೀಕ್ಷಿಸಿದಳು; ಈ ತುದಿಯಿಂದ ಆ ತುದಿಗೆ ಸರಿಯಿದ್ದರೆ ಅದು ಕುಯ್ಯೆಂದು ಹಾಡುತ್ತದೆ. ಹಾಡಿತು. ರೆಕ್ಕೆ ಮುಚ್ಚುವ ಮುನ್ನ ನೋಡಿ ಸಲಹೆ ಹೇಳಲು ಆ ಸಂಘದವರೇ ಒಬ್ಬ ಹಿರಿಯರನ್ನು ಕಳಿಸುತ್ತಾರೆ, ಕಾಸು ತೆಗೆದುಕೊಳ್ಳುವುದಿಲ್ಲ. ನಮ್ಮ ಮನೆಗೆ ಬಂದವರಿಗೆ ಎಂಬತ್ತರ ಹತ್ತಿರ ವಯಸ್ಸು. ಟಾರ್ಚು, ದಂತವೈದ್ಯರ ಬಳಿ ಇರುವಂಥ ಕನ್ನಡಿ ಹಿಡಿದು ಒಂದೂವರೆ ಗಂಟೆ ನೋಡಿದರು. ಎರಡು ಕಡೆ ತಂತಿ ಬಿಗಿಯಾಯಿತು, ಸ್ವಲ್ಪ ಸಡಿಲ ಬಿಡಿ ಎಂದರು. ಏಳನೆಯ ಪಕ್ಕೆಲುಬಿನ ಹತ್ತಿರ ಟಾರ್ಚಿನ ಬೆಳಕು ಬಂದಾಗ ನನ್ನ ಎದೆ ಹೊಡೆದುಕೊಂಡಿತು. ಬೆಳಕು ಮುಂದೆ ಹೋಯಿತು. ನನ್ನ ಗಂಟುಗಳನ್ನು ಬೆರಳಿನಿಂದ ಸವರಿ, ಇಂಥ ಕಟ್ಟು ನೋಡಿ ಬಹಳ ವರ್ಷವಾಯಿತೆಂದು ಹೊಗಳಿದರು. ನಾನು ಕೊಟ್ಟ ಕೋಡುಬಳೆ ತಿಂದು ಹೋದರು. ಮರುದಿನ ಹೊದಿಕೆ ಹಚ್ಚುವುದೆಂದು ತೀರ್ಮಾನವಾಯಿತು.

ಆ ರಾತ್ರಿ ಮಲಗಿದರೆ ಕಣ್ಣು ಮುಚ್ಚಲಿಲ್ಲ. ಇಂಜಿನ್ನು ನಡುಗುತ್ತದೆ, ತಂತಿ ಕೂದಲೆಳೆಯಷ್ಟು ಸರಿಯುತ್ತದೆ, ಗೀರು ಬಳೆಯಿಂದ ಹೊರಗೆ ಬರುತ್ತದೆ... ತೊಲೆಯ ಆಚೆಗೆ 80 ಲೀಟರು. ಶಾರ್ಟ್ ಆದರೆ ತಂತಾನೇ ಆರುವ ಬ್ರೇಕರು ಇದೆ ಎಂದು ಅವಳು ಹೇಳಿದ್ದು ನೆನಪಿತ್ತು. ಆದರೆ ಆ 230 ಜನವೂ ನೆನಪಿದ್ದರು. ನೋಡಬಲ್ಲವರೆಲ್ಲ ನೋಡಿಯಾಗಿತ್ತು. ಮೀಟರು ಒಪ್ಪಿತ್ತು, ಹಿರಿಯರು ಒಪ್ಪಿದ್ದರು. ನಾಳೆ ತಗಡು ಹಚ್ಚಿದ ಮೇಲೆ ಅದು ಈ ಲೋಕದಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿರುವ ಸಂಗತಿ. ಆಗ ಮಿಕ್ಸಿ ನೆನಪಾಯಿತು. ಸೌಟು ನೆನಪಾಯಿತು.

ಎರಡು ಗಂಟೆಗೆ ಹೋಗಿ ಅವರ ಕೋಣೆಯ ಬಾಗಿಲು ತಟ್ಟಿದೆ. ಮಗಳು ಗಾಬರಿಯಿಂದ ಎದ್ದು ಬಂದಳು, ಅಪ್ಪನಿಗೇನಾದರೂ ಆಯಿತೇ ಎಂದು. ಷೆಡ್ಡಿಗೆ ಕರೆದುಕೊಂಡು ಹೋಗಿ ದೀಪ ಹಾಕಿ, “ಏಳನೇದು ನೋಡು” ಎಂದೆ. ಎಲ್ಲ ಹೇಳಿದೆ. ಹೇಳುವಾಗ ಅವಳ ಮುಖ ನೋಡಲಿಲ್ಲ. ಅವಳು ಬಳೆ ಬಿಡಿಸಿ, ತಂತಿ ಸರಿಸಿ, ಟಾರ್ಚು ಹಿಡಿದು ಬಹಳ ಹೊತ್ತು ನೋಡಿದಳು. ಭ್ರಮೆಯಲ್ಲ, ಎಳೆ ಕಾಣುತ್ತಲೇ ಇತ್ತು. ಬೈಯುತ್ತಾಳೆಂದು ಕಾದೆ. ಅವಳ ಭುಜ ಕುಲುಕಲು ಶುರುವಾಯಿತು. ಅಳುತ್ತಿದ್ದಾಳೆಂದುಕೊಂಡರೆ ನಗು!

“ಮಿಕ್ಸಿ!” ಎಂದಳು.

ಇಬ್ಬರೂ ಆ ತಣ್ಣನೆಯ ನೆಲದ ಮೇಲೆ ಕುಳಿತು ನಕ್ಕೆವು. ನನಗೆ ನಗುವಿನ ಜೊತೆ ಅಳುವೂ ಬಂತು. ನಿದ್ದೆಗಣ್ಣಿನಲ್ಲಿ ಬಂದ ಅಳಿಯ ಬಾಗಿಲಲ್ಲಿ ನಿಂತು ನೋಡಿ, ಏನೂ ಕೇಳದೆ ಹೋಗಿ ಕಾಫಿಗೆ ನೀರಿಟ್ಟ.

ಬೆಳಿಗ್ಗೆ ಕತ್ತರಿ ಹಿಡಿದು ನನ್ನ ಗಂಟುಗಳನ್ನು ಒಂದೊಂದಾಗಿ ಕತ್ತರಿಸಿದಳು. ಹಿರಿಯರು ಹೊಗಳಿದ ಗಂಟುಗಳು! ಗೀರಿದ್ದ ಜಾಗಕ್ಕೆ ಕೊಳವೆ ತೊಡಿಸಿ ಸರಿಮಾಡುವ ದಾರಿಯೂ ಇದೆ, ಆದರೆ ರೆಕ್ಕೆ ತೆರೆದೇ ಇರುವಾಗ ತೇಪೆ ಏಕೆಂದು ಹೊಸ ತಂತಿಯನ್ನೇ ಎಳೆದೆವು. ಈ ಸಲ ಎಳೆಯುವುದಕ್ಕೂ ಮುಂಚೆ ಎರಡೂ ರೆಕ್ಕೆಗಳ ಬಳೆಗಳನ್ನೆಲ್ಲ ಬೆರಳು ಹಾಕಿ ಅಲುಗಿಸಿ ನೋಡಿದೆವು. ಬಲ ರೆಕ್ಕೆಯಲ್ಲಿ, ಅವಳೊಬ್ಬಳೇ ಕೆಲಸ ಮಾಡಿದ್ದ ಕಡೆ, ಒಂದು ಸರಿಯಾಗಿ ಕೂತಿರಲಿಲ್ಲ. ಅವಳು ಮಾತಾಡದೆ ಅದನ್ನು ತೆಗೆದು ಹೊಸದು ಹಾಕಿದಳು. ಹಳೆಯ ತಂತಿಯ ಗೀರಿದ್ದ ಎರಡಂಗುಲ ತುಂಡನ್ನು ಪುಸ್ತಕದ ಪುಟಕ್ಕೆ ಅಂಟಿಸಿ, ‘ತಂತಿ ಬದಲಿಸಿದ್ದು. ದೋಷ ಕಂಡುಹಿಡಿದವರು: ಅಮ್ಮ’ ಎಂದು ಬರೆದಳು. “ಮಾಡಿದವಳೂ ನಾನೇ. ಅದನ್ನೂ ಬರಿ” ಎಂದೆ. ಬರೆದಳು.

ಹೊದಿಕೆ ಹಚ್ಚುವ ದಿನ ಅರಿಸಿನ ಕುಂಕುಮ ಹಚ್ಚೋಣವೆಂದೆ. ಒಳಗೆ ಪುಡಿ ಬೇಡವೆಂದಳು. ಕೊನೆಗೆ ಮಾರ್ಕರ್ ಪೆನ್ನಿನಲ್ಲಿ ತೊಲೆಯ ಮೇಲೆ ಚಿಕ್ಕದಾಗಿ ‘ಶ್ರೀ’ ಎಂದು ಬರೆಯಲು ಒಪ್ಪಿಗೆ ಸಿಕ್ಕಿತು. ಆಮೇಲೆ ರಿವೆಟು. ಅವಳು ಹೊರಗಿನಿಂದ ಗನ್ನು ಹಿಡಿದು ಹೊಡೆಯುವುದು, ನಾನು ಒಳಗೆ ಕೈ ತೂರಿಸಿ ಉಕ್ಕಿನ ಗಟ್ಟಿಯನ್ನು ಆನಿಸಿ ಹಿಡಿಯುವುದು. ಎರಡು ದಿನ ಕಿವಿಯಲ್ಲಿ ಅದೇ ಸದ್ದು. ಇಡೀ ವಿಮಾನಕ್ಕೆ ಇಂಥವು ಹತ್ತು ಸಾವಿರಕ್ಕೂ ಮೀರಿ ಇರುತ್ತವಂತೆ. ‘ಶ್ರೀ’ಯೂ ನನ್ನ ಎರಡನೇ ಸಲದ ಗಂಟುಗಳೂ ಕತ್ತಲೆಗೆ ಹೋದವು. ಪಿನ್ನಿನ ಡಬ್ಬಿ ತೆರೆದು ಎಣಿಸಿದಳು, ಮೂರೂ ಇದ್ದವು.

2024ರ ಬೇಸಿಗೆಯಲ್ಲಿ ಅದು ಹಾರಿತು. ನಾನು ಇಲ್ಲಿದ್ದೆ. ವೀಡಿಯೋದಲ್ಲಿ ನೋಡಿದೆ, ಸರಿಯಾಗಿ ನೋಡಿದೆನೆಂದು ಹೇಳಲಾರೆ, ಓಡುವವರೆಗೆ ನೋಡಿದೆ, ನೆಲ ಬಿಟ್ಟಾಗ ಸೆರಗು ಕಣ್ಣಿಗೆ ಹೋಗಿತ್ತು. ಒಂದು ಸಂಜೆ ನೆಲದ ಮೇಲೇ ನಿಲ್ಲಿಸಿ ದೀಪಗಳನ್ನೆಲ್ಲ ಹಾಕಿ ತೋರಿಸಿದಳು. “ಎಡಗಡೆ ಕೆಂಪು ನಿನ್ನದು” ಎಂದಳು. ನಮ್ಮವರು ಕನ್ನಡಕ ಸರಿಸಿ ನೋಡಿ, “ಇದಕ್ಕೇ ಐದು ತಿಂಗಳು ಬೇಕಾಯಿತೇ? ಜೀರೋ ಕ್ಯಾಂಡಲ್ ಬಲ್ಬಿನಷ್ಟೂ ಇಲ್ಲವಲ್ಲ” ಎಂದರು.

ಭಯ ಹೋಯಿತೇ ಅಂತೀರಾ? ಇಲ್ಲ. ಹವೆ ಚೆನ್ನಾಗಿರುವ ಶನಿವಾರ ಬೆಳಿಗ್ಗೆ ಅವಳು ಹಾರುತ್ತಾಳೆ. ಅಲ್ಲಿ ಬೇಸಿಗೆಯ ಒಂಬತ್ತು ಗಂಟೆಯೆಂದರೆ ನಮಗೆ ರಾತ್ರಿ ಒಂಬತ್ತೂವರೆ. ಹೊರಡುವಾಗ ಒಂದು ಮೆಸೇಜು ಕಳಿಸುತ್ತಾಳೆ, ಇಳಿದ ಮೇಲೆ ಇನ್ನೊಂದು. ಅವೆರಡರ ನಡುವೆ ನಾನು ಹಾಲು ಕಾಯಿಸಿ ಆರಲಿಟ್ಟು ಅಡಿಗೆಮನೆಯಲ್ಲೇ ಕೂತಿರುತ್ತೇನೆ. ಟಿ.ವಿ. ಹಾಕುವುದಿಲ್ಲ. ‘ಇಳಿದೆ ಅಮ್ಮ’ ಎಂದು ಬಂದ ಮೇಲೆ ಹೆಪ್ಪು ಹಾಕಿ ಮಲಗುತ್ತೇನೆ.